ಚೆನ್ನಕೇಶವಣ್ಣ ಮತ್ತು ಎಡಚಕ್ರದ ಗ್ರೀಸ್

ಮೊದಲು ಬೈಗುಳ ತಿಂದದ್ದು ನಾನು.

ಕಾಣಿಯೂರು ಪೇಟೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿ ನಮ್ಮದು. ಬೋರ್ಡಿನಲ್ಲಿ ಗಂಡ ದೇವದಾಸರ ಹೆಸರಿದೆ, ಮೇಜಿನ ಹಿಂದೆ ಕೂರುವವಳು ಮಾತ್ರ ಕೌಸಲ್ಯಾ, ಅಂದರೆ ನಾನು. ಅಂದು ಬೆಳಿಗ್ಗೆ ಬಾಗಿಲು ತೆರೆದು ಗುಡಿಸಿಯೂ ಆಗಿರಲಿಲ್ಲ, ಆಲೆಟ್ಟಿಯ ಉದಯ ಅಂಗಿಯ ತೋಳು ಮೇಲೇರಿಸಿಕೊಂಡು ಒಳಗೆ ಬಂದ.

“ಕೌಸಲ್ಯಕ್ಕ, ನೀವು ಕೊಟ್ಟ ಸೀಲ್ ರಬ್ಬರಿನದ್ದಾ, ಹಪ್ಪಳದ್ದಾ?”

“ಹಪ್ಪಳ ಆಗಿದ್ರೆ ನಾನೇ ಕರಿದು ತಿಂತಿದ್ದೆ. ಎಂತ ಆಯ್ತು, ಅದನ್ನು ಹೇಳು ಮೊದಲು.”

ಆದದ್ದು ಇಷ್ಟು. ಉದಯನ ಹತ್ತಿರ ಅಡಿಕೆ ಸುಲಿಯುವ ಯಂತ್ರ ಇದೆ. ಅದನ್ನು ಒಂದು ಟ್ರೈಲರಿನ ಮೇಲೆ ಕೂರಿಸಿ, ಜೀಪಿನ ಹಿಂದೆ ಕಟ್ಟಿಕೊಂಡು, ಸುಲಿಯುವ ಸಮಯ ಬಂತೆಂದರೆ ಸುಳ್ಯದ ಕಡೆಯಿಂದ ಕಡಬದ ಕಡೆಯವರೆಗೆ ಮನೆಮನೆ ತಿರುಗುತ್ತಾನೆ. ಹಿಂದಿನ ದಿನ ಒಂದು ಇಳಿಜಾರಿನಲ್ಲಿ ಬ್ರೇಕ್ ಮೆಟ್ಟಿದಾಗ ಜೀಪು ನಿಧಾನವಾಯಿತು, ಟ್ರೈಲರು ಆಗಲಿಲ್ಲ. ಅದು ಹಿಂದಿನಿಂದ ದೂಡಿ ಜೀಪನ್ನು ಚರಂಡಿಯ ಅಂಚಿನವರೆಗೆ ತಂದು ನಿಲ್ಲಿಸಿತು. ಇಳಿದು ನೋಡಿದರೆ ಟ್ರೈಲರಿನ ಎಡಚಕ್ರದ ಒಳಬದಿಯಿಂದ ಗ್ರೀಸ್ ಒಸರಿ ಟಯರಿನ ಮೇಲೆಲ್ಲ ಹರಿದಿತ್ತು. ಅದೇ ಚಕ್ರ ಅದೇ ರೀತಿ ಸೋರಿದ್ದಕ್ಕೆ ಕೆಲವು ದಿನಗಳ ಹಿಂದಷ್ಟೇ ಚೆನ್ನಕೇಶವಣ್ಣ ಹೊಸ ಸೀಲ್ ಹಾಕಿ ಕೊಟ್ಟಿದ್ದರು. ಸೀಲ್ ಹೋದದ್ದು ನನ್ನ ಅಂಗಡಿಯಿಂದ. ಹಾಗಾಗಿ ತಪ್ಪೂ ನನ್ನ ಅಂಗಡಿಯದ್ದೇ ಎಂದು ಉದಯ ತೀರ್ಮಾನ ಮಾಡಿಯೇ ಬಂದಿದ್ದ.

ಈ ಸೀಲ್ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚಕ್ರದ ನಡುವಿನ ಗುಂಬವೇ ಹಬ್. ಅದರೊಳಗೆ ಚಕ್ರ ಸಲೀಸಾಗಿ ತಿರುಗಲು ಬೇರಿಂಗುಗಳಿರುತ್ತವೆ, ಬೇರಿಂಗಿಗೆ ಗ್ರೀಸ್ ಇರುತ್ತದೆ. ಆ ಗ್ರೀಸ್ ಒಳಬದಿಯಿಂದ ಹೊರಗೆ ಬಾರದ ಹಾಗೆ ತಡೆಯುವ ರಬ್ಬರಿನ ಬಳೆಗೆ ಸೀಲ್ ಎನ್ನುತ್ತಾರೆ. ಸೀಲಿನ ಆಚೆ ಬದಿಯಲ್ಲೇ ಬ್ರೇಕ್. ಬ್ರೇಕಿಗೆ ಗ್ರೀಸ್ ತಾಗಿತು ಎಂದರೆ ಹಿಡಿತ ಹೋಯಿತು ಎಂದೇ ಅರ್ಥ.

ನಾನು ಉದಯನನ್ನು ಕರೆದುಕೊಂಡೇ ರಸ್ತೆ ದಾಟಿದೆ. ನಮ್ಮ ಅಂಗಡಿಗೆ ಎದುರಾಗಿಯೇ ಚೆನ್ನಕೇಶವಣ್ಣನ ಗ್ಯಾರೇಜು.

ಚೆನ್ನಕೇಶವಣ್ಣನ ಬಗ್ಗೆ ಈ ಪೇಟೆಯಲ್ಲಿ ಯಾರನ್ನು ಕೇಳಿದರೂ ಎರಡು ದೂರು ಸಿಗುತ್ತದೆ. ಒಂದು, ಕೆಲಸ ನಿಧಾನ. ಇನ್ನೊಂದು, ಮಾಡುವ ಕೆಲಸವನ್ನು ಗಟ್ಟಿಯಾಗಿ ಹೇಳುತ್ತಾ ಮಾಡುವ ಅಭ್ಯಾಸ. “ನಟ್ ಬಿಗಿ ಮಾಡಿದೆ, ಈಗ ಚೂರು ಸಡಿಲ, ಹಾಂ, ಚಕ್ರ ತಿರುಗ್ತಾ ಉಂಟು” ಎಂದು ಅವರು ಟಯರಿನ ಹತ್ತಿರ ಮಾತಾಡುವುದು ನನ್ನ ಅಂಗಡಿಯವರೆಗೆ ಕೇಳುತ್ತದೆ. ಹೊಸಬರು ಯಾರಾದರೂ ಬಂದರೆ ಗಾಡಿಯಡಿಯಲ್ಲಿ ಇನ್ನೊಬ್ಬರಿದ್ದಾರೆ ಎಂದು ಬಗ್ಗಿ ನೋಡುತ್ತಾರೆ. ಅವರ ಊರು ಆಲೆಟ್ಟಿ, ಮನೆಮಾತು ಸುಳ್ಯದ ಕಡೆಯ ಅರೆಭಾಷೆ. ಹೆಂಡತಿ ಶೀಲಾವತಿ ನಮ್ಮ ಕಡೆಯವರಾದ್ದರಿಂದ ಮದುವೆಯಾದ ಮೇಲೆ ಇಲ್ಲಿಗೇ ಬಂದು ನೆಲೆಸಿದರು. ಉದಯನೂ ಅವರೂ ತಮ್ಮೊಳಗೆ ಅರೆಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆ, ಜಗಳ ಬಂದರೆ ಮಾತ್ರ ಕನ್ನಡಕ್ಕೆ ಇಳಿಯುತ್ತಾರೆ. ಅಂದು ಕನ್ನಡವೇ ನಡೆಯುತ್ತಿತ್ತು.

ಆ ಟ್ರೈಲರು ಚೆನ್ನಕೇಶವಣ್ಣ ಕಟ್ಟಿದ್ದೇ. ಗುಜರಿಗೆ ಹೋಗಬೇಕಿದ್ದ ಜೀಪೊಂದರ ಅಚ್ಚು ಮತ್ತು ಚಕ್ರಗಳನ್ನು ತಂದು, ಮೇಲೆ ಚೌಕಟ್ಟು ಬೆಸೆದು ಮಾಡಿಕೊಟ್ಟಿದ್ದರು. ಎಳೆಯುವ ಜೀಪು ನಿಧಾನವಾದಾಗ ಟ್ರೈಲರು ಮುಂದಕ್ಕೆ ಒತ್ತುತ್ತದಲ್ಲ, ಆ ಒತ್ತಡದಿಂದಲೇ ಟ್ರೈಲರಿನ ಎರಡೂ ಚಕ್ರಕ್ಕೆ ಬ್ರೇಕ್ ಬೀಳುವ ಹಾಗೆ ಮಾಡಿದ್ದರು. ಹಬ್ಬಿನ ಮುಚ್ಚಳ ಬಿಚ್ಚುವ ರಗಳೆ ಬೇಡ ಎಂದು ಅದಕ್ಕೆ ತೂತು ಕೊರೆದು ಗ್ರೀಸ್ ಹೊಡೆಯುವ ನಿಪ್ಪಲ್ ಕೂರಿಸಿದ್ದೂ ಅವರೇ. ವರ್ಷಕ್ಕೊಮ್ಮೆ ಸ್ವಲ್ಪ ಪಂಪು ಮಾಡಿದರೆ ಸಾಕು ಎಂದು ಉದಯನಿಗೆ ಹೇಳಿಯೂ ಇದ್ದರು.

ನಾವು ಹೋದಾಗ ಅವರು ಚಕ್ರ ಕಳಚಿ, ಹಬ್ಬಿನ ಮುಚ್ಚಳಕ್ಕೆ ಉಳಿಯಿಟ್ಟು ತಟ್ಟುತ್ತಿದ್ದರು. ಮುಚ್ಚಳ ಬಿತ್ತು. ಒಳಗೆ ನೋಡಿದವರು ಮಾತು ನಿಲ್ಲಿಸಿದರು. ಮಾತಾಡುತ್ತಾ ಕೆಲಸ ಮಾಡುವವರು ಸುಮ್ಮನಾದರೆ ಯಾರಿಗಾದರೂ ಗೊತ್ತಾಗುತ್ತದೆ. ನಾನು ಬಗ್ಗಿ ನೋಡಲು ಹೋದರೆ ಅವರು ಬೆನ್ನು ಅಡ್ಡ ಹಿಡಿದು ಬಟ್ಟೆಯಿಂದ ಒರೆಸತೊಡಗಿದರು.

“ಸೀಲ್ ಹಾಳಾ ಚೆನ್ನಕೇಶವಣ್ಣ? ನನ್ನ ಸೀಲಾ?”

“ಸೀಲ್ ಎಂತ ಆಗ್ಲಿಲ್ಲ. ಗ್ರೀಸ್ ಜಾಸ್ತಿ. ಒಳಗೆ ತುಂಬಿ ತುಳುಕ್ತಾ ಉಂಟು. ಬಿಸಿಯಾದಾಗ ಸೀಲನ್ನು ದೂಡಿಕೊಂಡು ಹೊರಗೆ ಬಂದದ್ದು.”

“ಜಾಸ್ತಿ ಹಾಕಿದ್ದು ಯಾರು ಹಾಗಾದ್ರೆ?”

ಅವರು ಉದಯನನ್ನು ನೋಡಿದರು. “ನೀನು ಗ್ರೀಸ್ ಹೊಡೆದೆಯಾ ಮಾರಾಯ?”

“ನಾನು ಮುಟ್ಟಲೇ ಇಲ್ಲ. ದೇವರಾಣೆ. ನನ್ನ ಹತ್ರ ಗ್ರೀಸ್ ಗನ್ನೇ ಇಲ್ಲ, ನೀವು ಮಾಡಿಕೊಟ್ಟ ಮೇಲೆ ನಾನ್ಯಾಕೆ ಮುಟ್ಟುದು?”

ಉದಯ ಸುಳ್ಳು ಹೇಳುವವನಲ್ಲ. ಅವನಿಗೆ ಅಷ್ಟು ತಾಳ್ಮೆಯೇ ಇಲ್ಲ. ಹಾಗಾದರೆ ಉಳಿದದ್ದು ಚೆನ್ನಕೇಶವಣ್ಣ ಒಬ್ಬರೇ. ಅವರು ಬೇರಿಂಗನ್ನು ಅಂಗೈಯಲ್ಲಿಟ್ಟು ಗ್ರೀಸ್ ತಿಕ್ಕಿ ತುಂಬುತ್ತಾರೆ, ಹಬ್ಬಿನೊಳಗೆ ಅರ್ಧ ಖಾಲಿ ಬಿಡುತ್ತಾರೆ. ಮದುವೆಗೆ ಮುಂಚಿನಿಂದಲೂ ಮಾಡಿಕೊಂಡು ಬಂದ ಕೆಲಸ ಅದು. “ನಾನು ಅರ್ಧವೇ ಹಾಕಿದ್ದು” ಎಂದು ಒಮ್ಮೆ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು, “ಅರ್ಧವೇ ಅಲ್ವಾ ಹಾಕಿದ್ದು?” ಎಂದು ನನ್ನನ್ನು ಕೇಳಿದರು. ನಾನು ಅಂಗಡಿಯಲ್ಲಿದ್ದವಳು, ನನಗೆ ಹೇಗೆ ಗೊತ್ತು?

ಗ್ರೀಸ್ ಮೆತ್ತಿದ ಬ್ರೇಕಿನ ಲೈನರನ್ನು, ಅಂದರೆ ಚಕ್ರದ ಡ್ರಮ್ಮಿಗೆ ಒತ್ತಿ ಹಿಡಿಯುವ ಪಟ್ಟಿಯನ್ನು, ತೊಳೆದರೆ ಪ್ರಯೋಜನವಿಲ್ಲ, ಎಣ್ಣೆ ಒಳಗೆ ಇಳಿದಿರುತ್ತದೆ. ಹೊಸ ಲೈನರ್ ಹಾಕಿದರು, ಡ್ರಮ್ಮನ್ನು ಪೆಟ್ರೋಲಿನಲ್ಲಿ ಒರೆಸಿ ಮರಳುಕಾಗದದಿಂದ ಉಜ್ಜಿದರು, ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗಿಟ್ಟರು, ನನ್ನ ಅಂಗಡಿಯಿಂದ ಬೇರೆ ಕಂಪೆನಿಯ ಸೀಲ್ ತಂದು ಮರದ ತುಂಡಿಟ್ಟು ನಾಜೂಕಾಗಿ ತಟ್ಟಿ ಕೂರಿಸಿದರು. ಕೊನೆಗೆ ಅಂಗಡಿಗೆ ಬಂದು ಒಂದು ಸ್ಪ್ಲಿಟ್ ಪಿನ್ ಕೇಳಿದರು. ಹಬ್ಬಿನ ನಟ್ಟು ತಿರುಗಿ ಬೀಳದ ಹಾಗೆ ಅದರ ಅಡ್ಡಕ್ಕೆ ತೂರಿಸಿ ಕಾಲು ಮಡಚುವ ಸಣ್ಣ ತಂತಿ ಅದು.

“ಒಂದೇ ಒಂದಾ? ಡಬ್ಬಿಯೇ ಒಯ್ದಿದ್ರಿ ಮೊನ್ನೆ. ಅದನ್ನೆಲ್ಲ ಕಿವಿ ಕೆರೆಯುವುದಕ್ಕೆ ಇಟ್ಟುಕೊಂಡ್ರಾ?” ಎಂದು ನಾನು ತಮಾಷೆ ಮಾಡಿದೆ.

ಅವರು ನಗಲಿಲ್ಲ. ಪಿನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೋದರು.

ಅಲ್ಲಿಂದ ಶುರುವಾಯಿತು ಅವರ ಗೊಂದಲ. ಸ್ಕೂಟರಿಗೆ ಟಯರ್ ಹಾಕಿ ಕೊಟ್ಟು, ಅದು ಪೇಟೆ ದಾಟುವ ಮೊದಲು ಓಡಿಹೋಗಿ ನಿಲ್ಲಿಸಿ ನಟ್ಟು ಮುಟ್ಟಿ ನೋಡತೊಡಗಿದರು. ರಿಕ್ಷಾದವರು “ಎಂತ ಅಣ್ಣ, ನಮ್ಮ ಮೇಲೆ ನಂಬಿಕೆ ಇಲ್ವಾ?” ಎಂದು ಕೇಳಿದರೆ, “ನಿಮ್ಮ ಮೇಲೆ ಉಂಟು” ಎನ್ನುತ್ತಿದ್ದರು. ಗ್ಯಾರೇಜಿನ ಬೀಗ ಹಾಕಿ ಮನೆಗೆ ಹೋದವರು ತಿರುಗಿ ಬಂದು ಬೀಗ ಎಳೆದು ನೋಡುತ್ತಿದ್ದರು. ಎಲ್ಲಕ್ಕಿಂತ ನನಗೆ ಕಸಿವಿಸಿಯಾದದ್ದು, ಕೆಲಸ ಮಾಡುವಾಗಿನ ಅವರ ಮಾತು ಬದಲಾದದ್ದು. “ನಟ್ ಬಿಗಿ ಮಾಡಿದೆ” ಎನ್ನುತ್ತಿದ್ದವರು ಈಗ “ನಟ್ ಬಿಗಿ ಮಾಡಿದೆನಾ?” ಎಂದು ಕೇಳಿಕೊಳ್ಳುತ್ತಿದ್ದರು. ಎದುರು ಕೂತು ಅದನ್ನು ಕೇಳುವುದು ನನ್ನಿಂದಾಗುತ್ತಿರಲಿಲ್ಲ.

ಒಂದು ಸಂಜೆ ಚಾ ತೆಗೆದುಕೊಂಡು ಹೋಗಿ ಗದರಿಸಿದೆ. “ಎಂತದು ನಿಮ್ಮದು? ಒಂದು ಸೀಲ್ ಸೋರಿದ್ದಕ್ಕೆ ಇಷ್ಟು ಮಂಡೆಬಿಸಿ ಮಾಡ್ಲಿಕ್ಕೆ ಉಂಟಾ?”

ಅವರು ಚಾ ಕುಡಿಯದೆ ಲೋಟ ಹಿಡಿದುಕೊಂಡೇ ಹೇಳಿದರು. “ನಮ್ಮ ಅಣ್ಣ ಡೊಂಬಯ್ಯ ನಿಮಗೆ ಗೊತ್ತಿಲ್ಲ ಕೌಸಲ್ಯಕ್ಕ. ನನಗೆ ಕೆಲಸ ಕಲಿಸಿದ್ದು ಅವನೇ. ಆಲೆಟ್ಟಿಯಲ್ಲಿ ಅವನ ಗ್ಯಾರೇಜ್ ಇತ್ತು. ಅವನಿಗೆ ಶುರುವಾದದ್ದು ಹೀಗೇ. ಒಂದು ಜೀಪಿಗೆ ಚಕ್ರ ಕೂರಿಸಿ ನಟ್ ಬಿಗಿ ಮಾಡ್ಲಿಕ್ಕೆ ಮರೆತ. ಕೇಳಿದ್ರೆ ಬಿಗಿ ಮಾಡಿದ್ದೇನೆ ಅಂತ ಜಗಳ ಮಾಡಿದ. ಅವನಿಗೆ ಹಾಗೇ ನೆನಪಿದ್ದದ್ದು. ಕಡೆಗೆ ಅದೇ ಗ್ಯಾರೇಜಿನ ಬೆಂಚಲ್ಲಿ ಕೂತು, ಇದು ಯಾರ ಗ್ಯಾರೇಜು, ಒಳ್ಳೆದುಂಟು ಅಂತ ನನ್ನ ಹತ್ರ ಕೇಳಿದ್ದಾನೆ.”

ಚಾ ಆರುತ್ತದೆ, ಕುಡಿಯಿರಿ ಎಂದೆ. ಅವರು ಲೋಟ ಕೆಳಗಿಟ್ಟರು.

“ಇನ್ನೊಮ್ಮೆ ಆ ಚಕ್ರ ಸೋರಿದ್ರೆ ನಾನು ಶಟರ್ ಎಳೆಯುದು. ಬ್ರೇಕಿನ ಕೆಲಸ ಇದು. ಜನ ಸಾಯ್ತಾರೆ. ಶೀಲನ ಹತ್ರ ಹೇಳ್ಬೇಡಿ.”

ಆ ಚಕ್ರ ಸೋರಬಾರದು ಎಂದು ನಾನು ಅಂಗಡಿಯಲ್ಲಿ ಕೂತು ದೇವರಿಗೆ ಕೈಮುಗಿದದ್ದುಂಟು. ಒಂದು ರಬ್ಬರಿನ ಬಳೆಗಾಗಿ ಯಾರಾದರೂ ಹಾಗೆ ಪ್ರಾರ್ಥಿಸಿದ್ದಾರೋ ಇಲ್ಲವೋ ಗೊತ್ತಿಲ್ಲ. ಏನೂ ಪ್ರಯೋಜನವಾಗಲಿಲ್ಲ. ಉದಯನ ಟ್ರೈಲರು ಮೂರನೇ ಸಲ ಬಂತು. ಈ ಸಲ ಅವನು ಬೈಯಲಿಲ್ಲ, ಮುಖ ಬಿಳಿಚಿಕೊಂಡಿತ್ತು. ತಿರುವಿನಲ್ಲಿ ಎಡಚಕ್ರ ಹಿಡಿಯದೆ ಬಲಚಕ್ರ ಮಾತ್ರ ಹಿಡಿದು ಟ್ರೈಲರು ಅಡ್ಡ ತಿರುಗಿತ್ತು. ಎದುರಿನಿಂದ ಬರುತ್ತಿದ್ದ ಬಸ್ಸಿನವನು ಹೇಗೋ ನಿಲ್ಲಿಸಿದ್ದರಿಂದ ಬದುಕಿ ಬಂದಿದ್ದ.

ಚೆನ್ನಕೇಶವಣ್ಣ ನನ್ನನ್ನು ಕರೆದರು. “ನೀವು ಇಲ್ಲಿ ಕೂತು ನೋಡಿ. ನಾನು ಮಾಡುದನ್ನು ಪೂರಾ ನೋಡಿ.”

ಅಂಗಡಿಗೆ ಬಂದ ಗಿರಾಕಿಗಳನ್ನು ಕಾಯಿಸಿ ನಾನು ಕೂತೆ. ಹಬ್ ತೆರೆದರು, ಮೊದಲಿನಂತೆಯೇ ಗ್ರೀಸ್ ತುಂಬಿ ತುಳುಕುತ್ತಿತ್ತು. ಗ್ರೀಸಿನ ಬಣ್ಣವೂ ಅವರು ಬಳಸುವ ಕಂದು ಬಣ್ಣವೇ. ಎಲ್ಲ ತೊಳೆದರು, ಹೊಸ ಸೀಲು, ಹೊಸ ಲೈನರು. ಬೇರಿಂಗಿಗೆ ಗ್ರೀಸ್ ತುಂಬಿ, ಹಬ್ಬಿನಲ್ಲಿ ಅರ್ಧ ಬಿಟ್ಟು, ಚಕ್ರ ತಿರುಗಿಸುತ್ತಾ ನಟ್ಟು ಬಿಗಿದು, ಚೂರು ಸಡಿಲಿಸಿ, ಪಿನ್ ಹಾಕಿ ಕಾಲು ಮಡಚಿದರು. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿತು.

“ಬಲಚಕ್ರಕ್ಕೂ ಇದೇ ಕೈ, ಇದೇ ಗ್ರೀಸ್. ಅದು ಸೋರುದಿಲ್ಲ. ಎಡಕ್ಕೇ ಯಾಕೆ?” ಎಂದು ಕೇಳಿದರು. ಉದಯ ಯಾರಾದರೂ ಮಾಟ ಮಾಡಿಸಿರಬಹುದು ಎಂದ. ನಾನು ಅವನ ಬಾಯಿ ಮುಚ್ಚಿಸಿದೆ.

ಮರುದಿನ ಯಂತ್ರ ಹೋಗಬೇಕಿದ್ದದ್ದು ನಮ್ಮ ಮನೆಗೇ. ಚೆನ್ನಕೇಶವಣ್ಣ ತಾನೂ ಬರುತ್ತೇನೆಂದರು. ಶಟರ್ ಎಳೆಯುವ ಮೊದಲು ಆ ಚಕ್ರದ ಹತ್ತಿರ ಒಂದು ಇಡೀ ದಿನ ಕೂತು ನೋಡಬೇಕಂತೆ. ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ಅಂಗಳದಲ್ಲಿ ಟ್ರೈಲರು ನಿಲ್ಲಿಸಿ ಯಂತ್ರ ಶುರು ಮಾಡಿದರು. ಮೇಲಿನಿಂದ ಒಣ ಅಡಿಕೆ ಸುರಿದರೆ ಯಂತ್ರದ ಹಿಂದಿನ ಬಾಯಿಂದ ಸುಲಿದ ಅಡಿಕೆ ಬರುತ್ತದೆ, ಬಲಬದಿಯಿಂದ ಸಿಪ್ಪೆ ಹಾರಿ ರಾಶಿ ಬೀಳುತ್ತದೆ. ಧೂಳೋ ಧೂಳು. ಚೆನ್ನಕೇಶವಣ್ಣ ಮುಖಕ್ಕೆ ಬೈರಾಸು ಸುತ್ತಿಕೊಂಡು ಎಡಚಕ್ರದ ಪಕ್ಕ ಮಣೆ ಹಾಕಿ ಕೂತರು. ನಮ್ಮ ಅತ್ತೆ ಸೀತು ಬಂದು, “ಇವರು ಯಾಕೆ ಚಕ್ರದ ಬುಡದಲ್ಲಿ ಕೂತಿದ್ದು? ಮೇಲೆ ಜಗಲಿ ಉಂಟಲ್ಲ” ಎಂದು ಕೇಳಿದರು. ಅತ್ತೆ ಮಾತಾಡುವುದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಎಲ್ಲ ವಿವರಿಸಲು ಹೋದರೆ ಸಂಜೆಯಾಗುತ್ತದೆ ಎಂದು, “ಅವರಿಗೆ ಅಲ್ಲೇ ಖುಷಿ ಅಂತೆ” ಎಂದೆ. ಅತ್ತೆ ಬೆಲ್ಲ ನೀರು ತಂದು ಕೊಟ್ಟರು, ಒಂದೆರಡು ಸಲ ಟ್ರೈಲರಿನ ಸುತ್ತ ಬಂದರು, ಏನೋ ಗೊಣಗಿಕೊಂಡು ಒಳಗೆ ಹೋದರು.

ಮಧ್ಯಾಹ್ನ ಯಂತ್ರ ನಿಲ್ಲಿಸಿ ಎಲ್ಲರೂ ಊಟಕ್ಕೆ ಕೂತರು. ಚೆನ್ನಕೇಶವಣ್ಣನನ್ನು ಬಲವಂತದಿಂದ ಎಬ್ಬಿಸಿ ತರಬೇಕಾಯಿತು. ಉಂಡದ್ದು ಎಂತದು ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ, ಬೇಗ ಬೇಗ ತಿಂದು ಕೈ ತೊಳೆದು ಅಂಗಳಕ್ಕೆ ಇಳಿದರು.

ನಾನು ಬಟ್ಟಲು ತೆಗೆಯುತ್ತಿದ್ದೆ. ಹೊರಗಿನಿಂದ ಅವರ ಕೂಗು ಕೇಳಿ ಓಡಿದೆ. ಚಕ್ರದ ಮುಂದೆ ಮಂಡಿಯೂರಿ ಕೂತಿದ್ದರು. ಹಬ್ಬಿನ ಮುಚ್ಚಳದ ನಿಪ್ಪಲಿನ ತುದಿಯಲ್ಲಿ ಹೊಸ ಗ್ರೀಸಿನ ಸಣ್ಣ ಗುಳ್ಳೆಯೊಂದು ಎದ್ದು ನಿಂತಿತ್ತು. ಬೆಳಿಗ್ಗೆ ಅವರೇ ಅದನ್ನು ಒರೆಸಿ ಒಣಗಿಸಿ ಇಟ್ಟಿದ್ದರು, ನಾನು ನೋಡಿದ್ದೆ.

“ಕೌಸಲ್ಯಕ್ಕ,” ಅವರು ನಿಪ್ಪಲಿನ ಕಡೆ ಬೆರಳು ತೋರಿಸಿದರು, “ನಾನು ಗ್ರೀಸ್ ಹೊಡೆದೆನಾ ಈಗ?”

“ನೀವು ಊಟ ಮಾಡ್ತಾ ಇದ್ರಿ!”

“ಊಟಕ್ಕೆ ಮೊದಲು? ನಾನು ಇಲ್ಲೇ ಇದ್ದೆ. ಬೇರೆ ಯಾರೂ ಬರ್ಲಿಲ್ಲ. ಸರಿ ನೆನಪು ಮಾಡಿ, ನಾನು ಹೊಡೆದೆನಾ?”

ಆ ಮುಖವನ್ನು ನೋಡಿ ಒಂದು ಕ್ಷಣ ನಾನೂ ಯೋಚಿಸಿದೆ, ಇವರೇ ಹೊಡೆದು ಮರೆತಿದ್ದಾರೋ ಏನೋ ಎಂದು.

“ಎಂತ ಗಲಾಟೆ?” ಅತ್ತೆ ಕೊಟ್ಟಿಗೆಯ ಕಡೆಯಿಂದ ಬಂದರು. ಕೈಯಲ್ಲಿ ನಮ್ಮ ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಟ್ಟಿದ್ದ ಗ್ರೀಸ್ ಗನ್. “ನಾನು ಹೊಡೆದದ್ದು. ಬೆಳಿಗ್ಗೆಯಿಂದ ಕಾದೆ, ಈ ಮನುಷ್ಯ ಎದ್ದು ಹೋಗುದೇ ಇಲ್ಲ. ಮನೆಗೆ ಬಂದ ಮಿಷನ್ನಿಗೆ ಆಸರಿಗೆ ಎಂತಾದ್ರೂ ಕೊಡ್ಬೇಡ್ವಾ?”

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಆಸರಿಗೆ ಕೇಳುತ್ತೇವೆ. ಬಾಯಾರಿಕೆಗೆ ಕುಡಿಯಲು ಏನು ಬೇಕು ಎಂದು. ಕೇಳದೆ ಕಳಿಸಿದರೆ ಮನೆಯ ಮಾನ ಹೋಯಿತು. ಕೈಯಲ್ಲಿ ಅಡಿಕೆ ಸುಲಿಯುತ್ತಿದ್ದ ಕಾಲದಲ್ಲಿ ಸುಲಿಯುವವರಿಗೆ ಬೆಲ್ಲ ನೀರು, ಎಲೆ ಅಡಿಕೆ, ಬೆರಳಿಗೆ ಹಚ್ಚಲು ತೆಂಗಿನೆಣ್ಣೆ ಕೊಡುತ್ತಿದ್ದರು. ಈಗ ಸುಲಿಯುವುದು ಯಂತ್ರ. ಅದಕ್ಕೆ ಬೆಲ್ಲ ನೀರು ಕೊಡಲಾಗುವುದಿಲ್ಲ ಎಂದು ಅತ್ತೆ ತನ್ನದೇ ದಾರಿ ಕಂಡುಕೊಂಡಿದ್ದರು.

“ಬಲಚಕ್ರಕ್ಕೆ?” ಎಂದು ಚೆನ್ನಕೇಶವಣ್ಣ ಕೇಳಿದರು.

“ಅಲ್ಲಿ ಸಿಪ್ಪೆಯ ರಾಶಿ. ಚಕ್ರವೇ ಕಾಣುದಿಲ್ಲ. ಈ ಮುದುಕಿ ಅದರೊಳಗೆ ಹೇಗೆ ಹೋಗುದು?”

ಉದಯ ಕೈ ತೊಳೆದು ಬಂದವನು ಇದನ್ನು ಕೇಳಿ ಬಾಯಿಬಿಟ್ಟು ನಿಂತ. ನಾನು ಅವನ ಮೇಲೆ ಹರಿಹಾಯ್ದೆ. “ಎಲ್ಲಾ ಮನೆಯಲ್ಲೂ ಹೀಗೇ ಹೊಡೀತಾರಾ?”

“ಹೊಡೀತಾರೆ. ಸುಮಾರು ಮನೆಯಲ್ಲಿ ಹೊಡೀತಾರೆ. ಪ್ರೀತಿಯಲ್ಲಿ ಮಾಡುದು, ಬೇಡ ಅಂತ ಹೇಗೆ ಹೇಳುದು? ಗ್ರೀಸ್ ಒಳ್ಳೆದೇ ಅಲ್ವಾ?”

“ನಿನ್ನನ್ನು ಕೇಳಿದಾಗ ಬೊಗಳ್ಲಿಕ್ಕೆ ಏನಾಗಿತ್ತು?”

“ನೀನು ಹೊಡೆದೆಯಾ ಅಂತ ಕೇಳಿದ್ದು. ನಾನು ಹೊಡೀಲಿಲ್ಲ!”

ಅವನನ್ನು ಏನು ಮಾಡುವುದು ಹೇಳಿ. ಮನೆಮನೆಯಲ್ಲೂ ಆಸರಿಗೆ ಕುಡಿದು ಆ ಹಬ್ಬಿನ ಹೊಟ್ಟೆ ಉಬ್ಬಿತ್ತು. ಗ್ರೀಸಿನ ಬಣ್ಣ ಒಂದೇ ಇದ್ದದ್ದಕ್ಕೂ ಕಾರಣ ಈಗ ಹೊಳೆಯಿತು, ಈ ಸುತ್ತಮುತ್ತ ಎಲ್ಲರಿಗೂ ಗ್ರೀಸ್ ಮಾರುವವಳು ನಾನೇ. ನನಗೆ ನಗು ತಡೆಯಲಾಗಲಿಲ್ಲ. ಚೆನ್ನಕೇಶವಣ್ಣನೂ ನಕ್ಕರು, ಅಂಗಳದಲ್ಲಿ ಸಿಪ್ಪೆಯ ಧೂಳಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆಯ ಕೈ ಹಿಡಿದು, “ನನ್ನ ಮಂಡೆ ಸಮ ಉಂಟು ಅಮ್ಮ, ಸಮ ಉಂಟು” ಎಂದರು. ಅತ್ತೆಗೆ ಏನೂ ಅರ್ಥವಾಗದೆ, “ಇಲ್ಲ ಅಂತ ಯಾರು ಹೇಳಿದ್ದು?” ಎಂದು ನನ್ನನ್ನು ದುರುಗುಟ್ಟಿ ನೋಡಿದರು.

ಮರುದಿನವೇ ನಿಪ್ಪಲಿದ್ದ ಮುಚ್ಚಳ ತೆಗೆದು ಬೋಳು ಮುಚ್ಚಳ ಹಾಕಿದರು. ಅದೂ ಸುಲಭದಲ್ಲಿ ಮುಗಿಯಲಿಲ್ಲ. ಗನ್ ಹಿಡಿದು ಬಂದ ಅಜ್ಜಿಯಂದಿರು ಚಕ್ರಕ್ಕೆ ಬಾಯಿಯೇ ಇಲ್ಲ ಎಂದು ಬೇಸರ ಮಾಡಿಕೊಂಡರಂತೆ, ಒಂದು ಮನೆಯವರು ತಮ್ಮ ಮನೆಯ ಗ್ರೀಸ್ ಆಗುವುದಿಲ್ಲವಾ ಎಂದೇ ಕೇಳಿದರಂತೆ. ಉದಯ ಗೋಳಾಡಿದ್ದಕ್ಕೆ ಚೆನ್ನಕೇಶವಣ್ಣ ಟ್ರೈಲರಿನ ಮುಂದಿನ ಕಂಬಕ್ಕೆ ಒಂದು ನಿಪ್ಪಲ್ ಬೆಸೆದು ಕೆಂಪು ಬಣ್ಣ ಬಳಿದು ಕೊಟ್ಟರು. ಅದರ ಕೆಳಗೆ ಒಂದು ಹಳೇ ಡಬ್ಬಿ. ಈಗ ಊರಿನ ಮರ್ಯಾದೆಯೆಲ್ಲ ಆ ಡಬ್ಬಿಗೆ ಬೀಳುತ್ತದೆ. ಎಡಚಕ್ರ ಆಮೇಲೆ ಸೋರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಚೆನ್ನಕೇಶವಣ್ಣನ ಮಾತು ಮೊದಲಿನ ಹಾಗಾಗಲಿಲ್ಲ. “ಮಾಡಿದೆನಾ?” ಎನ್ನುವುದು ನಿಲ್ಲಲೇ ಇಲ್ಲ. ಒಂದು ದಿನ ಅಂಗಡಿಗೆ ಬಂದು, ಗಿರಾಕಿಗಳು ಹೋಗುವವರೆಗೆ ಕಾದು ಹೇಳಿದರು.

“ಗ್ರೀಸ್ ಸರಿ, ಗೊತ್ತಾಯ್ತು. ಪಿನ್ನು?”

“ಯಾವ ಪಿನ್ನು?”

“ಎರಡನೇ ಸಲ ಮುಚ್ಚಳ ತೆಗೆದಾಗ ನಟ್ಟಿನಲ್ಲಿ ಪಿನ್ ಇರ್ಲಿಲ್ಲ.”

ಅವರು ಬೆನ್ನು ಅಡ್ಡ ಹಿಡಿದದ್ದು, ಒಂದೇ ಒಂದು ಪಿನ್ ಕೇಳಿದ್ದು, ನಾನು ತಮಾಷೆ ಮಾಡಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ತುಂಡಾಗಿ ಬಿದ್ದಿರಬಹುದು ಎಂದೆ. ತುಂಡಾಗಿದ್ದರೆ ಮುಚ್ಚಳದೊಳಗೆ ಸಿಗಬೇಕಿತ್ತು, ಗ್ರೀಸನ್ನೆಲ್ಲ ಬೆರಳಲ್ಲಿ ಹಿಚುಕಿ ಹುಡುಕಿದ್ದೇನೆ ಎಂದರು. ಯಾರಾದರೂ ತೆಗೆದಿರಬಹುದು ಎಂದೆ. ಯಾರು, ಯಾಕೆ ಎಂದು ಕೇಳಿದರು. ಯಾವ ಅಜ್ಜಿಯ ಗ್ರೀಸ್ ಗನ್ನೂ ಪಿನ್ ತೆಗೆಯುವುದಿಲ್ಲ, ಅದು ನನಗೂ ಗೊತ್ತು.

“ಹಾಕಿದ ನೆನಪುಂಟು ನನಗೆ. ಕಾಲು ಮಡಚಿದ್ದು ಸಹ ನೆನಪುಂಟು. ಅಣ್ಣನಿಗೂ ಹಾಗೇ ನೆನಪಿದ್ದದ್ದು.”

ನನಗೆ ಹೆದರಿಕೆಯೂ ಆಯಿತು, ಸಿಟ್ಟೂ ಬಂತು. “ಶೀಲಕ್ಕನ ಹತ್ರ ಹೇಳಿ. ಇವತ್ತೇ ಹೇಳಿ. ಇಲ್ಲದಿದ್ರೆ ನಾನೇ ಹೇಳ್ತೇನೆ.”

“ಹೇಳಿದ್ರೆ ಗ್ಯಾರೇಜ್ ಮುಚ್ಚಿಸ್ತಾಳೆ.”

“ಮುಚ್ಚಿಸ್ಲಿ!”

ಹೇಳಿದರು. ಶೀಲಾವತಿ ಅವರನ್ನು ಪುತ್ತೂರಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಏನೇನೋ ಪರೀಕ್ಷೆ ಮಾಡಿ, ಈಗ ಏನನ್ನೂ ಖಂಡಿತ ಹೇಳಲಾಗುವುದಿಲ್ಲ, ವಯಸ್ಸಿನ ಮರೆವೂ ಇರಬಹುದು, ಕೆಲವು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದರಂತೆ. ಹೋದಾಗ ಎಷ್ಟು ಗೊಂದಲವಿತ್ತೋ ಬಂದಾಗಲೂ ಅಷ್ಟೇ ಇತ್ತು. ಇನ್ನು ಶಟರ್ ಎಳೆಯುತ್ತಾರೆ ಎಂದು ನಾನು ಬೇಸರದಲ್ಲಿ ಕಾಯುತ್ತಿದ್ದೆ.

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಇಬ್ಬರೂ ಬಂದರು. ಶೀಲಾವತಿ ಊಟದ ಬುತ್ತಿಯನ್ನು ಮೊಳೆಗೆ ನೇತುಹಾಕಿ, ಸೆರಗು ಸಿಕ್ಕಿಸಿ, ಮಣೆ ಎಳೆದು ಚಕ್ರದ ಹತ್ತಿರ ಕೂತರು. “ತೋರಿಸಿ, ಎಂತ ಅದು ಪಿನ್ನು? ಎಲ್ಲಿ ಇರ್ಬೇಕು ಅದು?” ಎಂದು ಅವರು ಕೇಳಿದ್ದು ರಸ್ತೆಯ ಈಚೆಗೂ ಕೇಳಿಸಿತು. ಚೆನ್ನಕೇಶವಣ್ಣ ತೋರಿಸಿದರು. ನಟ್ಟು ಬಿಗಿದು ತೋರಿಸಿದರು, ಚಕ್ರ ಅಲ್ಲಾಡಿಸಿ ತೋರಿಸಿದರು. ಆಕೆ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿದರು.

ಆ ದಿನದಿಂದ ಹಾಗೇ ನಡೆದಿದೆ. ಬೇರೆ ಕೆಲಸವಾದರೆ ಶೀಲಾವತಿ ಬರುವುದಿಲ್ಲ. ಚಕ್ರ, ಬ್ರೇಕು ಇದ್ದ ದಿನ ಬಂದೇ ಬರುತ್ತಾರೆ. ಅವರು ಬರುವವರೆಗೆ ಚೆನ್ನಕೇಶವಣ್ಣ ಮುಚ್ಚಳ ಹಾಕುವುದಿಲ್ಲ, ಗಿರಾಕಿ ಎಷ್ಟೇ ಅವಸರ ಮಾಡಲಿ. ಪೇಟೆಯಲ್ಲಿ ಕೆಲವರು ನಗುತ್ತಾರೆ. ನನ್ನ ಎದುರು ನಕ್ಕವರಿಗೆ ನಾನು ಸರಿಯಾಗಿ ಕೊಟ್ಟಿದ್ದೇನೆ.

ಈಗ ಬರೆಯುತ್ತಿರುವಾಗಲೂ ಎದುರಿಗೆ ಉದಯನ ಟ್ರೈಲರು ನಿಂತಿದೆ, ವರ್ಷದ ಕೆಲಸಕ್ಕೆ ಬಂದದ್ದು. ಚೆನ್ನಕೇಶವಣ್ಣ ಗಾಡಿಯಡಿಯಿಂದ ಹೇಳುತ್ತಿದ್ದಾರೆ, ನಟ್ ಬಿಗಿ ಮಾಡಿದೆ, ಚೂರು ಸಡಿಲ. ಆಮೇಲೆ ಮುಚ್ಚಳ ಕೈಯಲ್ಲಿ ಹಿಡಿದು ಕೆಲಸ ನಿಲ್ಲಿಸುತ್ತಾರೆ.

“ಶೀಲಾ, ಪಿನ್ ಉಂಟಾ?”

ಆಕೆ ಬಗ್ಗುತ್ತಾರೆ, ಬೆರಳು ಹಾಕಿ ಮುಟ್ಟಿ ನೋಡುತ್ತಾರೆ.

“ಉಂಟು.”

ಅವರು ಮುಚ್ಚಳ ಹಾಕಿ ತಟ್ಟುತ್ತಾರೆ.